ಎರಡು ಚಿಪ್ಪು ಹೆಚ್ಚಾದ ಸುಣ್ಣ

ನಾನು ಹಾಸನದಲ್ಲಿ ಹೈಸ್ಕೂಲು ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ನಾವು ಐದು ಜನ ಕೂಡಿ ಒಂದು ರಸಾಯನ ಸಂಘ ಕಟ್ಟಿಕೊಂಡೆವು. ಮೂವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಸಂಘ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಒಂದು ಬಾಡಿಗೆ ಕೋಣೆ, ಒಂದು ತಗಡಿನ ಟ್ರಂಕು, ಅದರೊಳಗೆ ಹುಲ್ಲು ಸುತ್ತಿಟ್ಟ ಸೀಸೆಗಳು, ಒಂದು ಸ್ಪಿರಿಟ್ ದೀಪ, ಅಷ್ಟೇ ನಮ್ಮ ಆಸ್ತಿ. ರಜಾ ದಿನ ಬಂತೆಂದರೆ ಟ್ರಂಕನ್ನು ಬಸ್ಸಿನ ನೆತ್ತಿಗೇರಿಸಿ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಚನ್ನರಾಯಪಟ್ಟಣಕ್ಕೋ ಹೋಗುತ್ತಿದ್ದೆವು. ಶಾಲೆಯ ಜಗುಲಿಯ ಮೇಲೆ ಸೀಸೆಗಳನ್ನು ಸಾಲಾಗಿಟ್ಟು, ಬಂದ ಜನಕ್ಕೆ ನೀರು ಯಾಕೆ ಗಡುಸು, ಬೆಂಕಿ ಯಾಕೆ ಉರಿಯುತ್ತದೆ, ಹಾಲಿಗೆ ನೀರು ಬೆರೆಸಿದ್ದನ್ನು ಕಂಡುಹಿಡಿಯುವುದು ಹೇಗೆ ಎಂದು ತೋರಿಸುವುದು ನಮ್ಮ ಕೆಲಸ.

ಐವರಲ್ಲಿ ನಾನೇ ಚಿಕ್ಕವನು, ಬಾಯಿಯೂ ನನ್ನದೇ ದೊಡ್ಡದು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ. ಅರಕಲಗೂಡಿನಲ್ಲಿ ಒಂದು ಸಲ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಹಾಕಿ, ಕಣ್ಣೆದುರಿಗೇ ಕಪ್ಪು ಶಾಯಿ ಮಾಡಿ ತೋರಿಸಿ, ಚಪ್ಪಾಳೆಗೆ ಕಾದು ನಿಂತೆ. ಮುಂದೆ ಕೂತಿದ್ದ ವಯಸ್ಸಾದ ಶಾನುಭೋಗರು ಮೂಗಿಗೆ ನಶ್ಯ ಏರಿಸುತ್ತ, "ನಮ್ಮ ತಾತ ಇದನ್ನೇ ಮಾಡ್ತಿದ್ರು ಕಣಪ್ಪ. ನೀನು ಅಂಟು ಹಾಕೋದು ಮರೆತೆ, ಕಾಗದದ ಮೇಲೆ ಹರಡ್ಕೊಳ್ತದೆ" ಎಂದರು. ಜನ ನಕ್ಕರು. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅದನ್ನು ತರಿಸಿದವರು ಹಳೇಕೋಟೆ ಕಡೆಯ ಒಂದು ಹಳ್ಳಿಯ ಮುದುಕರು. ಅವರ ಋಣದ ಮಾತನ್ನು ಈ ವಯಸ್ಸಿನಲ್ಲಾದರೂ ಬರೆದಿಡದಿದ್ದರೆ ನಾನು ಕೃತಘ್ನನಾಗುತ್ತೇನೆ.

ಆ ಹಳ್ಳಿಗೆ ನಾವು ಹೋದದ್ದು ಬಾವಿಗಾಗಿ. ಊರಿಗೆ ಇದ್ದದ್ದು ಕುಡಿಯುವ ನೀರಿನ ಬಾವಿ ಒಂದೇ. ಪ್ರತಿ ಬೇಸಿಗೆಯಲ್ಲೂ ಅಲ್ಲಿ ವಾಂತಿಭೇದಿ ಶುರುವಾಗಿ ಮೂರೋ ನಾಲ್ಕೋ ಮನೆಗಳಲ್ಲಿ ಅಳು ಏಳುತ್ತಿತ್ತು. ನಮ್ಮ ಐವರಲ್ಲೊಬ್ಬರಾದ ಆಸ್ಪತ್ರೆಯ ಕಾಂಪೌಂಡರು ರೋಗದ ಕ್ರಿಮಿ ಕೊಲ್ಲಲು ಬಾವಿಗೆ ಪರ್ಮಾಂಗನೇಟಿನ ಕೆಂಪು ಪುಡಿ ಹಾಕೋಣವೆಂದರೆ ಊರಿನವರು ಒಪ್ಪಲಿಲ್ಲ. ಗಂಗಮ್ಮನಿಗೆ ವಿಷ ಇಕ್ಕುವುದೇ ಎಂದು ಹೆಂಗಸರು ಬೈದು ಕಳಿಸಿದ್ದರು. ಕೊನೆಗೆ ಊರ ಗೌಡರು ಒಂದು ದಾರಿ ಹೇಳಿದರು.

"ಮೊದ್ಲು ನಿಮ್ಮ ಇದ್ಯೆ ನಮ್ಗೆ ತೋರ್ಸಿ ಸಾ. ನಮ್ಮ ಆಲೆಮನೇಲಿ ಬೆಲ್ಲ ಒಂದ್ಸಲ ಬಂಗಾರದಂಗೆ ಬತ್ತದೆ, ಒಂದ್ಸಲ ಒಸಿ ಕಪ್ಗೆ ಬತ್ತದೆ. ಅದುನ್ನ ಸರಿ ಮಾಡ್ಕೊಡಿ. ಆಮೇಕೆ ಬಾವಿ ಇಚಾರ ನೋಡಾನ."

ನಾನು ಆ ಕ್ಷಣವೇ ಒಪ್ಪಿಕೊಂಡೆ. ಕಾಂಪೌಂಡರು ಸ್ವಲ್ಪ ಅನುಮಾನಿಸಿದರು. ನೀವು ಆಲೆಮನೆ ನೋಡಿದ್ದೀರಾ ಎಂದು ಕೇಳಿದರು. ನಾನು ಪುಸ್ತಕದಲ್ಲಿ ನೋಡಿದ್ದೆ.

ಕಬ್ಬಿನ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ನಾನೂ ಕಾಂಪೌಂಡರೂ ಟ್ರಂಕಿನ ಸಮೇತ ಹೋದೆವು. ಗೌಡರ ಆಲೆಮನೆಯಲ್ಲಿ ಎತ್ತುಗಳು ಗಾಣ ತಿರುಗಿಸುತ್ತಿದ್ದವು. ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಒಲೆಯ ಮೇಲಿತ್ತು. ಅದರ ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದವರೇ ನಾನು ಹೇಳಿದ ಮುದುಕರು. ಸುತ್ತ ಏಳೆಂಟು ಹಳ್ಳಿಯ ಆಲೆಮನೆಗಳಿಗೆ ಅವರೇ ಪಾಕ ನೋಡುವವರು. ಮೂವತ್ತು ವರ್ಷದಿಂದ ಅದೇ ಕಸುಬು. ಅವರ ಕೈಗುಣ ಚೆನ್ನ, ಅವರು ಸುಣ್ಣ ಹಾಕಿದರೆ ಬೆಲ್ಲ ಕೆಡುವುದೇ ಇಲ್ಲ ಎಂದು ಜನ ಹೇಳುತ್ತಿದ್ದರು. ಆ ಹೆಸರೇ ಅವರ ಅನ್ನ. ಬೇರೆ ಗದ್ದೆಯಿಲ್ಲ, ಹೊಲವಿಲ್ಲ.

ಕೈಗುಣ ಎಂಬ ಮಾತು ಕೇಳಿದ್ದೇ ನನ್ನ ಮೈ ಉರಿಯಿತು. ಊರೆಲ್ಲ ಸೇರಿದ್ದಾಗ ಒಂದು ಭಾಷಣ ಬಿಗಿದೆ. ಕೈಗುಣ ಅನ್ನುವುದು ಇಲ್ಲ, ಇರುವುದು ಅಳತೆ ಮಾತ್ರ. ಕಬ್ಬಿನ ಹಾಲಿನಲ್ಲಿ ಹುಳಿ ಇದೆ, ಸುಣ್ಣ ಹಾಕಿ ಆ ಹುಳಿಯನ್ನು ಕೊಲ್ಲಬೇಕು, ಎಷ್ಟು ಹಾಕಬೇಕೆಂದು ಈ ಕಾಗದ ಹೇಳುತ್ತದೆ ಎಂದು ಲಿಟ್ಮಸ್ ಚೂರೊಂದನ್ನು ಎತ್ತಿ ಹಿಡಿದೆ. ಹುಳಿ ಇದ್ದರೆ ಕೆಂಪು, ಸುಣ್ಣ ಸಾಕಾದರೆ ನೀಲಿ.

ಮುದುಕರು ತೆಂಗಿನ ಚಿಪ್ಪಿನಲ್ಲಿ ಸುಣ್ಣದ ತಿಳಿ ಮೊಗೆದು ಎರಡು ಚಿಪ್ಪು ಹಾಕಿ, ಕೊಪ್ಪರಿಗೆಯನ್ನೊಮ್ಮೆ ನೋಡಿ, "ಸಾಕು ಸಾ" ಎಂದರು. ನಾನು ಕಾಗದ ಅದ್ದಿದೆ. ಕೆಂಪು.

"ನೋಡಿದಿರಾ ಯಜಮಾನ್ರೇ, ಹುಳಿ ಇನ್ನೂ ಸತ್ತಿಲ್ಲ. ಇನ್ನೊಂದು ಚಿಪ್ಪು ಹಾಕಿ."

"ಬ್ಯಾಡ ಸಾ. ಒಸಿ ಹುಳಿ ಇರ್ಬೇಕು."

"ಯಾಕಿರಬೇಕು?"

"ಇರ್ಬೇಕು ಸಾ, ಅಷ್ಟೇಯ" ಎಂದರು. ನಾನು ಜನರ ಕಡೆ ತಿರುಗಿ ನಕ್ಕೆ, ಜನವೂ ನಕ್ಕರು. ಅವರು ಮೂರನೆಯ ಚಿಪ್ಪು ಹಾಕಿದರು. ಕಾಗದ ಇನ್ನೂ ಕೆಂಪೇ. ನಾಲ್ಕನೆಯದು ಹಾಕಿದ ಮೇಲೆ ಅದು ನೀಲಿಗೆ ತಿರುಗಿತು. ಚಪ್ಪಾಳೆ ಬಿತ್ತು. ಶಾನುಭೋಗರ ಊರಿನಲ್ಲಿ ಸಿಗದ ಚಪ್ಪಾಳೆ ಇಲ್ಲಿ ಸಿಕ್ಕಿತೆಂದು ನಾನು ಎಷ್ಟು ಉಬ್ಬಿದೆನೆಂದರೆ, ಮುದುಕರ ಮುಖ ನೋಡಬೇಕೆಂದೂ ಅನ್ನಿಸಲಿಲ್ಲ.

ಹಾಲು ಕುದಿಯುತ್ತ ಕುದಿಯುತ್ತ ಬಣ್ಣಗೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಪಾಕ ಕಾಡಿಗೆಯ ಹಾಗೆ ಕಪ್ಪಾಗಿತ್ತು. ಅಚ್ಚಿಗೆ ಹೊಯ್ದರೆ ಗಟ್ಟಿಯಾಗಲಿಲ್ಲ, ಅಂಟಂಟಾಗಿ ಕೂತಿತು. ಗೌಡರು ಬೆರಳಲ್ಲಿ ತೆಗೆದು ನೆಕ್ಕಿ ಉಗಿದರು. ಮುದುಕರೂ ಒಂದು ಬೆರಳು ನೆಕ್ಕಿ ನೋಡಿದರು. ಒಂದು ಕೊಪ್ಪರಿಗೆ ಕಬ್ಬಿನ ಹಾಲು ಮಣ್ಣುಪಾಲು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಗುಂಪಿನಲ್ಲಿ ಯಾರೋ, "ಬೆಲ್ಲುಕ್ಕೇ ಈ ಗತಿ ತಂದೋರು ಬಾವಿಗೆ ಇನ್ನೇನ್ ಮಾಡಾರು?" ಎಂದರು. ಆ ಮಾತಿಗೆ ಎಲ್ಲರೂ ನನ್ನ ಕಡೆ ತಿರುಗಿದರು.

ಆಗ ಮುದುಕರು ಮುಂದೆ ಬಂದು ಗೌಡರಿಗೆ ಕೈಮುಗಿದರು.

"ತಪ್ಪು ನಂದು ಕಣ್ ಗೌಡ್ರೆ. ತಿಳಿ ಮೊಗೀವಾಗ ಕೈ ನಡುಗ್ಬುಡ್ತು, ಅಡೀಲಿದ್ದ ಸುಣ್ಣದ ಗಸಿನೂ ಬಂದ್ಬುಡ್ತು. ಮೇಷ್ಟ್ರು ಏಳಿದ್ದು ಸರಿಯಾಗೇ ಇತ್ತು."

ಗೌಡರು ಅವರನ್ನು ಬಾಯಿಗೆ ಬಂದ ಹಾಗೆ ಬೈದರು. "ವಯಸ್ಸಾಯ್ತು, ತಾತನ ಕೈಗುಣ ಓಯ್ತು" ಎಂದು ಒಬ್ಬಿಬ್ಬರು ಆಡಿಕೊಂಡರು. ನಾನು ಬಾಯಿ ಬಿಡಲಿಲ್ಲ. ಗಸಿ ನಿಜವಾಗಿ ಬಿದ್ದಿದ್ದರೂ ಬಿದ್ದಿರಬಹುದು ಎಂದು ಒಳಗೊಳಗೇ ಆಸೆಪಟ್ಟೆ. ನನ್ನ ಮೇಲೆ ಜನಕ್ಕೆ ಕೋಪ ಉಳಿಯಲಿಲ್ಲ. ಮೇಷ್ಟ್ರ ವಿದ್ಯೆಯಲ್ಲಿ ತಪ್ಪಿಲ್ಲವೆಂದು ಒಪ್ಪಿ, ಮಾತು ಕೊಟ್ಟ ಹಾಗೆ ಗೌಡರು ಅವತ್ತೇ ಬಾವಿಗೆ ಪುಡಿ ಹಾಕಲು ಬಿಟ್ಟರು. ಬೇಸಿಗೆ ಮುಗಿಯುವ ತನಕ ಹಾಕುತ್ತಿರಿ ಎಂದೂ ಹೇಳಿದರು.

ವಾಪಸು ಬರುವಾಗ ಗಾಡಿಯಲ್ಲಿ ಕಾಂಪೌಂಡರು ಒಂದೇ ಮಾತಾಡಿದರು. "ಗಸಿ ಬೀಳಲಿಲ್ಲ ಮೇಷ್ಟ್ರೇ. ನಾನು ಪಕ್ಕದಲ್ಲೇ ನಿಂತಿದ್ದೆ."

ಅವರ ಮೇಲೆ ನನಗೆ ಕೋಪ ಬಂತು. ನಾಲ್ಕು ದಿನ ಮಾತು ಬಿಟ್ಟೆ. ಆಮೇಲೆ ಹಟಕ್ಕೆ ಬಿದ್ದು ನಮ್ಮ ಸಂಘದ ಕೋಣೆಯಲ್ಲೇ ಕಬ್ಬಿನ ಹಾಲು ತರಿಸಿ, ಸಣ್ಣ ಪಾತ್ರೆಗಳಲ್ಲಿ ಕಾಯಿಸಿ ನೋಡಿದೆ. ಪ್ರತಿ ಸಲವೂ ಕಾಗದ ನೀಲಿಯಾಗುವಷ್ಟು ಸುಣ್ಣ ಹಾಕಿದ್ದು ಕಪ್ಪಾಯಿತು. ಸ್ವಲ್ಪ ಹುಳಿ ಉಳಿಸಿದ್ದು ಬಂಗಾರದ ಬಣ್ಣಕ್ಕೆ ಬಂತು. ಮುದುಕರು ಹೇಳಿದ್ದು ಅಕ್ಷರಶಃ ಸರಿ. ಇದನ್ನು ಹೋಗಿ ಹೇಳಬೇಕಿತ್ತು. ಹೇಳಿದರೆ ಬಾವಿಯ ಪುಡಿಗೆ ತೊಂದರೆಯಾದೀತು, ಬೇಸಿಗೆ ಕಳೆಯಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ, ಅರ್ಧ ಹೇಡಿತನ. ಆ ಬೇಸಿಗೆಯಲ್ಲಿ ಅಕ್ಕಪಕ್ಕದ ಊರುಗಳಲ್ಲಿ ವಾಂತಿಭೇದಿ ಬಂತು. ಆ ಹಳ್ಳಿಯಲ್ಲಿ ಒಬ್ಬರೂ ಸಾಯಲಿಲ್ಲ. ನಮ್ಮ ಸಂಘಕ್ಕೆ ದೊಡ್ಡ ಹೆಸರು ಬಂತು, ನನ್ನನ್ನು ಕಾರ್ಯದರ್ಶಿ ಮಾಡಿದರು.

ಮಾರನೆಯ ಸುಗ್ಗಿಯ ಹೊತ್ತಿಗೆ ಯೂರೋಪಿನಲ್ಲಿ ಯುದ್ಧ ಶುರುವಾಗಿತ್ತು. ಒಂದು ದಿನ ಹೊಳೆನರಸೀಪುರದ ಸಂತೆಯಲ್ಲಿ ಗೌಡರು ಸಿಕ್ಕರು. ಮಾತಿನ ಮಧ್ಯೆ ಮುದುಕರನ್ನು ವಿಚಾರಿಸಿದೆ.

"ಅವುನ್ನ ಈಗ ಯಾರ್ ಕರೀತಾರೆ ಸಾ? ಕೈಗುಣ ಓದೋನ್ನ ಕರ್ದು ಬೆಲ್ಲ ಕೆಡಿಸ್ಕಳಕಾದದಾ? ಸುತ್ತ ಅಳ್ಳೀಗೆಲ್ಲ ಸುದ್ದಿ ಅಬ್ಕಂಡದೆ" ಎಂದರು. ನನ್ನನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬೆವರಿದೆ.

ಅಲ್ಲಿಂದಲೇ ಅವರ ಜೊತೆ ಗಾಡಿ ಹತ್ತಿದೆ. ಮುದುಕರು ಮನೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದರು. ಸುಗ್ಗಿಯ ದಿನ, ಊರಲ್ಲೆಲ್ಲ ಬೆಲ್ಲದ ವಾಸನೆ, ಅವರೊಬ್ಬರು ಮಾತ್ರ ಅಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು, ಕಂಬಳಿ ಹಾಸಿ, ಸೊಸೆಯನ್ನು ಕೂಗಿ ಮಜ್ಜಿಗೆ ತರಿಸಿದರು. ನಾನು ಲೋಟವನ್ನು ಹಾಗೇ ಕೆಳಗಿಟ್ಟೆ.

"ಯಾಕೆ ಹಾಗೆ ಸುಳ್ಳು ಹೇಳಿದಿರಿ ಯಜಮಾನ್ರೇ?" ಎಂದೆ.

"ಬೆಲ್ಲ ಕೆಟ್ರೆ ಇನ್ನೊಂದ್ ಕೊಪ್ಪರ್ಗೆ ಮಡಗಬೋದು ಸಾ. ಅವತ್ತು ನಿಮ್ಮ ಮಾತು ಕೆಟ್ಟಿದ್ರೆ ಆ ಕೆಂಪು ಪುಡೀನ ಬಾವಿಗೆ ಯಾರ್ ಬುಡೋರು? ಅದರ್ ಮುಂಚಿನ್ ವರ್ಸ ಆ ವಾಂತಿಭೇದೀಲೇ ನನ್ ದೊಡ್ ಮಗ ಸತ್ತೋದ. ನಿಮ್ದು ಒಸಾ ಎಸ್ರು, ಒಂದೇ ಏಟ್ಗೆ ಮುರ್ದೋಯ್ತದೆ. ನಂದು ಮೂವತ್ ವರ್ಸದ್ದು, ಒಂದ್ ಏಟು ತಡೀತದೆ ಅನ್ಕಂಡೆ."

ಅಷ್ಟು ಹೇಳಿ ಹಗ್ಗ ಕೈಗೆತ್ತಿಕೊಂಡು, "ತಡೀನಿಲ್ಲ" ಎಂದು ನಕ್ಕರು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಒಂದು ವರ್ಷದಿಂದ ಊರೂರು ಸುತ್ತಿ ವಿದ್ಯೆ ಹಂಚುತ್ತಿದ್ದೇನೆಂದು ಬೀಗಿದವನು, ಇವರ ತಟ್ಟೆಯ ಅನ್ನ ತಿಂದು ಬೀಗಿದ್ದೆ.

ಅವರನ್ನು ಕರೆದುಕೊಂಡು ಆಲೆಮನೆಗೆ ಹೋಗಿ, ಇದ್ದವರನ್ನೆಲ್ಲ ಸೇರಿಸಿ, ತಪ್ಪು ನನ್ನದೆಂದು ಹೇಳಿದೆ. ಗಸಿ ಬೀಳಲಿಲ್ಲ, ಕಾಗದ ನಂಬಿ ನಾನೇ ಎರಡು ಚಿಪ್ಪು ಹೆಚ್ಚು ಹಾಕಿಸಿದೆ ಎಂದೆ. ಎಲ್ಲರೂ ಬೈಯುತ್ತಾರೆಂದು ಕಾದೆ. ಗೌಡರು ನನಗೆ ಕೈಮುಗಿದುಬಿಟ್ಟರು.

"ಎಂಥಾ ದೊಡ್ ಮನ್ಸು ನೋಡ್ರಲಾ! ಮುದುಕನ ಮಾನ ಉಳ್ಸಾಕೆ ಮೇಷ್ಟ್ರು ತಪ್ಪ ತಮ್ ತಲೆ ಮ್ಯಾಕೆ ಎಳ್ಕತಾವ್ರೆ."

ಎಷ್ಟು ಹೇಳಿದರೂ ಅಷ್ಟೇ. ನಾನು ಆಣೆ ಇಟ್ಟಷ್ಟೂ ನನ್ನ ದೊಡ್ಡತನ ಬೆಳೆಯುತ್ತಲೇ ಹೋಯಿತು. ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದ ಜನ ನಿಜವನ್ನು ನಂಬಲೊಲ್ಲರು. ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಕಣ್ಣಾರೆ ನೋಡಿ ಎಂದು ಎರಡು ಬಾಣಲೆ ತರಿಸಿದೆ. ಒಂದೇ ಗಾಣದಿಂದ ಅದೇ ಹಾಲನ್ನು ಎರಡಕ್ಕೂ ಸಮನಾಗಿ ಹುಯ್ಯಿಸಿದೆ. ಸುಣ್ಣದ ತಿಳಿಯನ್ನು ಗೌಡರ ಕೈಯಲ್ಲೇ ಬಟ್ಟೆಯಲ್ಲಿ ಸೋಸಿಸಿದೆ, ಗಸಿಯ ಮಾತು ಮತ್ತೆ ಬರಬಾರದೆಂದು. ಮುದುಕರನ್ನು ದೂರ ಕೂರಿಸಿ, ಕೈಯೆರಡನ್ನೂ ಕಂಬಳಿಯೊಳಗೇ ಇಟ್ಟುಕೊಳ್ಳಿ ಎಂದೆ. ಎರಡಕ್ಕೂ ಸುಣ್ಣ ಹಾಕಿದವನು ನಾನೇ. ಒಂದಕ್ಕೆ ಹೋದ ವರ್ಷದ ಹಾಗೆ ಕಾಗದ ನೀಲಿಯಾಗುವ ತನಕ ಹಾಕಿದೆ. ಇನ್ನೊಂದಕ್ಕೆ ಮುದುಕರು ಕೂತಲ್ಲಿಂದಲೇ, "ಒಸಿ ಬುಡಿ... ಮಡ್ಡಿ ಒಡ್ದು ಮ್ಯಾಕೆ ಬತ್ತದಾ ನೋಡಿ... ಸಾಕು, ಸಾಕು" ಎಂದು ಹೇಳಿದಷ್ಟು ಹಾಕಿದೆ.

ಯಾರೂ ಮನೆಗೆ ಹೋಗಲಿಲ್ಲ. ಮೊದಲನೆಯ ಬಾಣಲೆ ಕಣ್ಣೆದುರಿಗೇ ಕಪ್ಪಾಗುತ್ತ ಬಂತು. ಎರಡನೆಯದು ಹಾಗಾಗಲಿಲ್ಲ. ಅಚ್ಚಿಗೆ ಹೊಯ್ದು ಆರಿದ ಮೇಲೆ ಗೌಡರು ಅದನ್ನು ಮುರಿದರು. ಬಂಗಾರದ ಬಣ್ಣ, ಮುರಿದಲ್ಲಿ ಸಕ್ಕರೆಯ ಹಾಗೆ ಹರಳು. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡರು. ಆಮೇಲೆ ಮುದುಕರ ಹತ್ತಿರ ಹೋಗಿ, ಅವರ ಮುಖ ನೋಡಲಾರದೆ ನೆಲ ನೋಡುತ್ತ, "ನಾಳೀಕೆ ಒತ್ತಾರೆ ಗಾಣ ಕಟ್ತೀವಿ. ಬಂದ್ಬುಡು ತಾತ" ಎಂದರು.

ಮುದುಕರು ಆಗಲಿ ಎಂದು ತಲೆಯಾಡಿಸಿದರು. ಒಳ್ಳೆಯ ಬೆಲ್ಲವನ್ನು ಅವರು ತಿರುಗಿಯೂ ನೋಡಲಿಲ್ಲ. ಎದ್ದು ಬಂದು, ಕಂಬಳಿಯೊಳಗಿಂದ ಕೈ ತೆಗೆದು, ಆ ಕಪ್ಪು ಪಾಕವನ್ನು ಬೆರಳಿಗೆ ತೆಗೆದುಕೊಂಡು ನೆಕ್ಕಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ನೆಕ್ಕಿದರು. ಅವರ ಕಣ್ಣಲ್ಲಿ ನೀರು ಬಂತು.

"ಅದೇ ರುಚಿ ಸಾ, ಓದ್ ವರ್ಸದ್ದೇ" ಎಂದು ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು. "ಸುಳ್ಳು ಏಳಿದೋನು ನಾನೇಯ. ಆದ್ರೂ ಒಂದ್ ವರ್ಸ ಎಲ್ಲಾರ್ ಬಾಯ್ಲೂ ಅದೇ ಕೇಳೀ ಕೇಳೀ, ದಿಟವಾಗ್ಲೂ ನನ್ ಕೈಯೇ ಕೆಟ್ಟೋಯ್ತೇನೋ ಅಂತ ನಂಗೂ ಅನ್ಸ್ಬುಟ್ಟಿತ್ತು."