ಇಂಟಿ ಪೇರು ಗುಂಡ

ಅವ್ವನಿಗೆ ಗೋಡೆಗೊಂದು ಮೊಳೆ ಹೊಡೆಯಬೇಕಿತ್ತು. ಯಾರನ್ನೂ ಕೇಳದೆ, ತನಗೆ ಬೇಕೆನಿಸಿದ ಜಾಗದಲ್ಲಿ.

ಅಪ್ಪ ಬ್ಯಾಂಕಿನ ನೌಕರಿಯಲ್ಲಿದ್ದರು. ವರ್ಗವಾಗಿ ಧಾರವಾಡ ಬಿಟ್ಟ ಮೇಲೆ ಮೊದಲು ವಿಜಯವಾಡ, ಆಮೇಲೆ ವಿಶಾಖಪಟ್ಟಣ, ಎರಡೂ ಕಡೆ ಬಾಡಿಗೆ ಮನೆಗಳೇ. ಪ್ರತಿಯೊಬ್ಬ ಮಾಲೀಕರೂ ಕೀಲಿಕೈ ಕೊಡುವ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: ಗೋಡೆಗೆ ಮೊಳೆ ಹೊಡೆಯಬಾರದು. ಹೀಗಾಗಿ ನಮ್ಮ ಮನೆಯ ಕ್ಯಾಲೆಂಡರು ಯಾವಾಗಲೂ ಕಿಟಕಿಯ ಸರಳಿಗೆ ಜೋತಾಡುತ್ತಿತ್ತು. ಸಮುದ್ರದ ಗಾಳಿ ಎದ್ದರೆ ಏಕಾದಶಿ ಯಾವತ್ತು ಎಂದು ನೋಡಲು ಅದನ್ನು ಅಟ್ಟಿಸಿಕೊಂಡು ಹಿಡಿಯಬೇಕು. ಅಪ್ಪ ತೀರಿಕೊಂಡ ಮೇಲೂ ನಾವಿಬ್ಬರು ವಿಶಾಖಪಟ್ಟಣದಲ್ಲೇ ಉಳಿದೆವು. ಹೋದ ವರ್ಷ ಮಧುರವಾಡದಲ್ಲಿ ಒಂದು ಫ್ಲ್ಯಾಟು ನೋಡಲು ಹೋದಾಗ ಅವ್ವ ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. ನಡುಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಗಟ್ಟಿ ಅದ. ಇದನ್ನ ತೊಗೊ" ಅಂದಳು.

ಗೋಡೆ ಸಿಕ್ಕಿತು. ಅಡ್ಡ ಬಂದದ್ದು ನನ್ನ ಹೆಸರು.

ಗೃಹಸಾಲದ ಅರ್ಜಿ ನೋಡುತ್ತಿದ್ದ ಬ್ಯಾಂಕಿನ ಯುವತಿ ನನ್ನ ಕಾಗದಗಳನ್ನು ಇಸ್ಪೀಟು ಎಲೆಗಳ ಹಾಗೆ ಮೇಜಿನ ಮೇಲೆ ಹರವಿದಳು. ಹತ್ತನೇ ತರಗತಿಯ ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿಗಿಂತ ಮೊದಲು 'ಗುಂಡ' ಎಂದಿತ್ತು. ಆಧಾರ್ ಕಾರ್ಡಿನಲ್ಲಿ 'ಗುಂಡು'. ಪ್ಯಾನ್ ಕಾರ್ಡಿಗೆ ಅರ್ಜಿ ತುಂಬಿಕೊಟ್ಟ ಅಂಗಡಿಯವನು ಇಂಗ್ಲಿಷಿನಲ್ಲಿ ಯು ಬದಲು ಎರಡು ಓ ಹಾಕಿದ್ದರಿಂದ ಅದರಲ್ಲಿ 'ಗೂಂಡಾ'.

"ಸಾರ್, ಇವರಲ್ಲಿ ನೀವು ಯಾರು?" ಎಂದು ಅವಳು ತೆಲುಗಿನಲ್ಲಿ ಕೇಳಿದಳು.

"ಎಲ್ಲರೂ ನಾನೇ."

"ಗೂಂಡಾ ಕೂಡ?"

"ಅವನೂ ನಾನೇ ಅಮ್ಮಾ."

ಅವಳು ನಗು ತಡೆದುಕೊಂಡು ಕಾನೂನು ಹೇಳಿದಳು. ಈ ಹೆಸರು ಮೊದಲು ಬಂದದ್ದು ಶಾಲೆಯಿಂದ, ಆದ್ದರಿಂದ ಶಾಲೆಯವರ ಪತ್ರ ಬೇಕು. ಎಲ್ಲ ಹೆಸರುಗಳೂ ಒಬ್ಬನವೇ ಎಂದು ನೋಟರಿಯ ಮುಂದೆ ಅಫಿಡವಿಟ್ ಬೇಕು. ಇವೆರಡನ್ನೂ ಬ್ಯಾಂಕಿನ ವಕೀಲರು ಒಪ್ಪಬೇಕು. ಅತ್ತ ಬಿಲ್ಡರು, ಶ್ರಾವಣ ಮುಗಿಯುವುದರೊಳಗೆ ರಿಜಿಸ್ಟ್ರೇಷನ್ ಆಗದಿದ್ದರೆ ಫ್ಲ್ಯಾಟು ಕೇಳುತ್ತಿರುವ ಇನ್ನೊಬ್ಬರಿಗೆ ಕೊಟ್ಟುಬಿಡುವುದಾಗಿ ಹೇಳಿದ್ದ.

ಈ ಗುಂಡ ಎಲ್ಲಿಂದ ಬಂದ ಎಂಬುದನ್ನು ಹೇಳಬೇಕು. ಆಂಧ್ರದಲ್ಲಿ ಪ್ರತಿಯೊಬ್ಬರಿಗೂ ಒಂದು ಮನೆತನದ ಹೆಸರು ಇರುತ್ತದೆ, ಅದನ್ನು ತಮ್ಮ ಹೆಸರಿಗಿಂತ ಮೊದಲು ಬರೆಯುತ್ತಾರೆ. ತೆಲುಗಿನಲ್ಲಿ ಅದಕ್ಕೆ 'ಇಂಟಿ ಪೇರು' ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ 'ಮನೆಯ ಹೆಸರು'. ವಿಜಯವಾಡಕ್ಕೆ ಬಂದ ಹೊಸದರಲ್ಲಿ ನನ್ನನ್ನು ಒಂದನೇ ತರಗತಿಗೆ ಸೇರಿಸಲು ಹೋದಾಗ ಶಾಲೆಯ ಗುಮಾಸ್ತರು, "ಇಂಟಿ ಪೇರು ಏಂಟಿ?" ಎಂದು ಕೇಳಿದರು. ಇಂಟಿ ಅಂದರೆ ಮನೆಯ, ಪೇರು ಅಂದರೆ ಹೆಸರು. ಇಷ್ಟು ತೆಲುಗು ಆಗಲೇ ಬರುತ್ತಿದ್ದ ನಮ್ಮವರು, ಮನೆಯಲ್ಲಿ ಕರೆಯುವ ಹೆಸರು ಕೇಳುತ್ತಿದ್ದಾರೆ ಎಂದುಕೊಂಡು ಖುಷಿಯಿಂದ 'ಗುಂಡ' ಅಂದರು. ದುರದೃಷ್ಟಕ್ಕೆ ಆ ಹೆಸರಿನ ಮನೆತನ ತೆಲುಗರಲ್ಲಿ ನಿಜವಾಗಿಯೂ ಇದೆ. ಗುಮಾಸ್ತರು ಅನುಮಾನವಿಲ್ಲದೆ ಬರೆದುಕೊಂಡರು.

ಹಾಗೆ ಹೇಳಿದವರು ಅಪ್ಪ ಎಂದು ನನಗೆ ಖಾತ್ರಿಯಿತ್ತು. ಆ ದೃಶ್ಯ ಕಣ್ಣಿಗೆ ಕಟ್ಟಿದಂತಿದೆ: ಅಪ್ಪ ಬೆಂಚಿನ ಮೇಲೆ ಕೂತಿದ್ದಾರೆ, ತೊಡೆಯ ಮೇಲೆ ಸ್ಕೂಟರಿನ ಬಿಳಿ ಹೆಲ್ಮೆಟ್ಟು, ಅದರೊಳಗೆ ನನ್ನ ಫೋಟೋಗಳು. ಶಾಲೆಯ ಪತ್ರ ತರಲು ಹೊರಟ ದಿನ ವಿಜಯವಾಡದ ರೈಲಿನಲ್ಲಿ ಇದನ್ನು ಅವ್ವನಿಗೆ ಹೇಳಿದೆ.

"ಎಲ್ಲಿ ಹೆಲ್ಮೆಟ್ಟೋ ತಮ್ಮಾ? ಸ್ಕೂಟರ್ ತೊಗೊಂಡದ್ದು ನೀ ಸಾಲ್ಯಾಗ ಮೂರನೇತ್ತಾ ಇದ್ದಾಗ. ಹೇಳಿದಾಕಿ ನಾನು."

"ನನಗೆ ಚೆನ್ನಾಗಿ ನೆನಪಿದೆ ಅವ್ವಾ."

"ನಿನಗ ಎಲ್ಲಾ ಚಂದಾಗೇ ನೆನಪಿರತದ. ಆಗಿರೂದಿಲ್ಲ, ಅಷ್ಟ."

ಎದುರು ಸೀಟಿನ ಹೆಂಗಸಿಗೆ ಕನ್ನಡ ಬಾರದಿದ್ದರೂ ಯಾರು ಗೆದ್ದರೆಂದು ತಿಳಿಯಿತು. ಅವ್ವನಿಗೊಂದು ಸೀಬೆಹಣ್ಣು ಕೊಟ್ಟಳು. ನನಗೆ ಕೊಡಲಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಪುರಾವೆ ಇಲ್ಲದ್ದನ್ನು ನಂಬಬಾರದು ಎಂದು ಕಲಿತಿದ್ದೇನೆ. ಆದರೆ ಆ ಹೆಲ್ಮೆಟ್ಟಿಗೆ ನನ್ನ ಬಳಿ ಏನು ಪುರಾವೆಯಿತ್ತು? ಸುಮ್ಮನೆ ಕೂರಲಾಗದೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಅಪ್ಪ ಬದುಕಿದ್ದಾಗ ಈ ಕಥೆಯನ್ನು, 'ಗುಂಡ' ಅಂದದ್ದು ತಾವೇ ಎನ್ನುವಂತೆ, ಎಷ್ಟು ಸಲ ಹೇಳಿದ್ದರೋ. ಅವರು ಹೇಳಿದ್ದನ್ನೇ ನಾನು ಕಂಡದ್ದು ಅಂದುಕೊಂಡಿರಬಹುದು. ಅಥವಾ ಅವ್ವನೇ, ಹೇಳಿದ್ದು ತಾನು ಅಂದುಕೊಂಡಿರಬಹುದು.

ಶಾಲೆ ಆಟೋನಗರ್‌ಗೆ ಅಂಟಿಕೊಂಡೇ ಇದೆ. ಪಕ್ಕದ ಷೆಡ್ಡುಗಳಲ್ಲಿ ಲಾರಿಗಳ ತಗಡು ಬಡಿಯುವ ಸದ್ದು ಅಂದಿನಂತೆಯೇ ಇತ್ತು. ಇದೊಂದರಲ್ಲಿ ನಮ್ಮಿಬ್ಬರ ನೆನಪೂ ಹೊಂದಿಕೊಂಡಿತು. ಈಗಿನ ಗುಮಾಸ್ತರು ಕನ್ನಡಕ ಏರಿಸಿ ಎಲ್ಲ ಕೇಳಿಸಿಕೊಂಡರು.

"ಧಾರವಾಡದಲ್ಲೂ ಗುಂಡ ಮನೆತನದವರು ಇದ್ದಾರಾ ಅಮ್ಮಗಾರು?"

ಅವ್ವ ತನ್ನ ತೆಲುಗಿನಲ್ಲಿ ಹೇಳಿದಳು, "ಮನೆಗೊಬ್ಬ ಇರ್ತಾನೆ ಬಾಬು."

ವಿಷಯ ಬಿಡಿಸಿ ಹೇಳಿದ ಮೇಲೆ ಆತ ಎಷ್ಟು ನಕ್ಕರೆಂದರೆ ಪಕ್ಕದ ಕೋಣೆಯಿಂದ ಇಬ್ಬರು ಮೇಡಂಗಳು ಏನಾಯಿತೆಂದು ನೋಡಲು ಬಂದರು. ಅವರಿಗೂ ಹೇಳಬೇಕಾಯಿತು. ಅವರಲ್ಲೊಬ್ಬರು, "ಮನೆಯಲ್ಲಿ ನಮ್ಮ ಹುಡುಗನನ್ನ ಬುಜ್ಜಿ ಅಂತೀವಿ. ಸದ್ಯ, ಬಚಾವಾದ" ಅಂದರು. ಆಮೇಲೆ ಗುಮಾಸ್ತರು ಪತ್ರ ಬರೆಯಲು ಕೂತು, "ಮನೆತನದ ಹೆಸರೆಂದು ತಪ್ಪಾಗಿ ಹೇಳಿದ್ದು... ಯಾರು ಅಂತ ಬರೆಯಲಿ? ತಂದೆಯೋ ತಾಯಿಯೋ?" ಎಂದು ಕೇಳಿದರು.

"ತಂದೆ" ಅಂದೆ ನಾನು. "ತಾಯಿ" ಅಂದಳು ಅವ್ವ. ಒಟ್ಟಿಗೇ.

ಆತ ಪೆನ್ನು ಎತ್ತಿ ಹಿಡಿದು ಕಾದರು. ಅವ್ವ ನನ್ನ ಕಡೆ ತಿರುಗಿ ಮೆಲ್ಲಗೆ, "ಅವರಿಗೆ ಈ ಊರಿನ ತೆಲುಗು ನನಗಿಂತ ಮದಲ ಬಂದಿತ್ತೋ. ಅವರು ಇಂಥಾ ತಪ್ಪು ಮಾಡ್ತಿದ್ದಿಲ್ಲ" ಅಂದಳು. ಅದು ಪುರಾವೆಯಲ್ಲ. ಆದರೆ ನನ್ನ ಹೆಲ್ಮೆಟ್ಟಿಗಿಂತ ಗಟ್ಟಿಯಾಗಿತ್ತು. "ತಾಯಿ ಅಂತ ಬರೀರಿ" ಅಂದೆ. ಅವ್ವ ಬಹುಮಾನ ಬಂದವಳ ಹಾಗೆ ಸೆರಗು ಸರಿಮಾಡಿಕೊಂಡಳು.

ವಿಶಾಖಪಟ್ಟಣಕ್ಕೆ ಮರಳಿ ಅಫಿಡವಿಟ್ ಮಾಡಿಸಿದೆ. ಗುಂಡ, ಗುಂಡು, ಗೂಂಡಾ ಎಂಬ ನಾನು ಒಬ್ಬನೇ ಎಂದು ಪ್ರಮಾಣ ಮಾಡಿದೆ. ಬ್ಯಾಂಕಿನ ವಕೀಲರಿಗೆ ಅದು ಸಾಲಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಗೂಂಡಾ ಅವರ ಗಂಟಲಲ್ಲಿ ಸಿಕ್ಕಿಕೊಂಡಿದ್ದ. "ಇದು ಬೇರೆ ಮನುಷ್ಯನದಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ಪ್ಯಾನ್ ತಿದ್ದಿಸಿಕೊಂಡು ಶ್ರಾವಣ ಕಳೆದ ಮೇಲೆ ಬನ್ನಿ" ಎಂದು ಫೈಲು ಕಟ್ಟತೊಡಗಿದರು. ಪಡಸಾಲೆಯಲ್ಲಿ ಕೂತಿದ್ದ ಅವ್ವನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಪಡಸಾಲೆಯಿಂದಲೇ ದನಿ ಬಂತು. "ಏ ಗುಂಡಾ! ಎಷ್ಟೊತ್ತೋ? ನೀರಿನ ಬಾಟ್ಲಿ ನಿನ್ನ ಕಡೆನ ಅದ!"

"ಬಂದೆ ಅವ್ವಾ" ಎಂದು ನಾನು ಎದ್ದು ನಿಂತಾಗಿತ್ತು. ತಲೆ ಅರ್ಧ ಬೆಳ್ಳಗಾಗಿರುವ ಮನುಷ್ಯ, ಕೈಯಲ್ಲಿ ಬಾಟಲಿ.

ವಕೀಲರು ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಫೈಲಿನ ದಾರ ಮತ್ತೆ ಬಿಚ್ಚಿದರು. "ಮೊದಲು ಅಮ್ಮನಿಗೆ ನೀರು ಕೊಟ್ಟು ಬನ್ನಿ, ಗುಂಡಗಾರು" ಎಂದು ಹೇಳಿ ಸಹಿ ಹಾಕುವ ಜಾಗ ಹುಡುಕತೊಡಗಿದರು. ಪ್ಯಾನ್ ಆಮೇಲೆ ತಿದ್ದಿಸಿಕೊಳ್ಳುತ್ತೇನೆ ಎಂದು ಬರೆದುಕೊಟ್ಟೆ.

ಶ್ರಾವಣದ ಕೊನೆಯ ಶುಕ್ರವಾರ ರಿಜಿಸ್ಟ್ರೇಷನ್ ಆಯಿತು. ಅಪಾರ್ಟ್‌ಮೆಂಟಿನವರು ನಮ್ಮ ಅಂಚೆ ಡಬ್ಬಿಯ ಮೇಲೆ 'ಗುಂಡ ವಾರು', ಅಂದರೆ ಗುಂಡ ಮನೆತನದವರು, ಎಂದು ಚೀಟಿ ಅಂಟಿಸಿದ್ದಾರೆ. ಅವ್ವನಿಗೆ ಈಗ ಎಲ್ಲರೂ ಗುಂಡ ಆಂಟಿ ಅನ್ನುತ್ತಾರೆ, ಅವಳು ತಿದ್ದುವುದಿಲ್ಲ. ಮನೆಯೊಳಗೆ ಕಾಲಿಟ್ಟ ದಿನವೇ ಹಾಲು ಉಕ್ಕಿಸಿ, ಕುರ್ಚಿ ಎಳೆದುಕೊಂಡು, ನಾನು ಹಿಡಿದುಕೊಳ್ಳುತ್ತೇನೆ ಅಂದರೂ ಕೇಳದೆ ಮೊಳೆ ಹೊಡೆದಳು. ಸಿಂಹಾಚಲಂ ದೇವರ ಚಿತ್ರವಿರುವ ಕ್ಯಾಲೆಂಡರನ್ನು ಅದಕ್ಕೆ ನೇತುಹಾಕಿ, ಬಾಲ್ಕನಿಯ ಬಾಗಿಲು ಪೂರ್ತಿ ತೆರೆದು, ಗಾಳಿಗೆ ಅದು ಎಲ್ಲಿಗೆ ಹೋಗುತ್ತದೋ ನೋಡೋಣ ಎನ್ನುವಂತೆ ಎದುರು ಕೂತಳು.

ಮೊದಲನೇ ಮೊಳೆ ಸೊಟ್ಟಗಾಗಿ ಎರಡನೆಯದು ಹೊಡೆದಳು ಎಂದು ನನ್ನ ನೆನಪು. ಅವ್ವ ಒಪ್ಪುವುದಿಲ್ಲ, ಒಂದೇ ಏಟಿಗೆ ಹೋಯಿತು ಅನ್ನುತ್ತಾಳೆ. ಈ ಸಲ ನನ್ನ ಹತ್ತಿರ ಪುರಾವೆ ಇದೆ ಎಂದು ಕ್ಯಾಲೆಂಡರು ಎತ್ತಿ ಮೊಳೆಯ ಪಕ್ಕದಲ್ಲಿದ್ದ ಇನ್ನೊಂದು ತೂತು ತೋರಿಸಿದೆ.

"ಅದು ಬಿಲ್ಡರ್ ಮಾಡಿದ್ದು" ಅಂದಳು. "ನಮ್ಮ ಗ್ವಾಡಿ ಅದು. ಕೈ ತಗಿ."