ಉಡಿದಾರಕ್ಕೊಂದು ಆನೆಕಾಸು

ಮಸಿನಗುಡಿ ಬಸ್ಸಿಗೆ ಹೊತ್ತಿತ್ತೆಂದು ಗೂಡಲೂರು ಪೇಟೆಯ ಹಳೇ ಪಾತ್ರೆ ಅಂಗಡಿಗೆ ನುಗ್ಗಿದ್ದೆ. ಮುರಿದ ಬೀಗಗಳ ಡಬ್ಬಿಯಲ್ಲಿ ಅರಸರ ಕಾಲದ ತಾಮ್ರದ ಕಾಸೊಂದು ಕಂಡದ್ದೇ ಬೆರಳು ಮಾಡಿ ಬೆಲೆ ಕೇಳಿದೆ. ಎಲ್ಲ ಸವೆದು, ಆನೆಯೊಂದು ಮಾತ್ರ ಮಸುಕಾಗಿ ಉಳಿದಿತ್ತು. ನಾಣ್ಯ ಕೂಡಿಡಲು ತೊಡಗಿ ಆಗಿನ್ನೂ ಎರಡು ತಿಂಗಳು. ಆಸೆ ತೋರಿಸಿದರೆ ಬೆಲೆ ಏರುತ್ತದೆ ಎಂಬುದೊಂದೇ ನಾನು ಕಲಿತಿದ್ದ ವಿದ್ಯೆ.

"ಇದ್ಯಾತಕ್ಕೆ ಸಾಮಿ?" ಎಂದ ಅಂಗಡಿಯ ಮುದುಕ, ಗುಂಡ್ಲುಪೇಟೆ ಕಡೆಯವನು. ಕಣ್ಣು ನನ್ನ ಮುಖದ ಮೇಲೇ ಇತ್ತು.

"ಮಗೂಗೆ, ಉಡಿದಾರಕ್ಕೆ ಕಟ್ಟಕ್ಕೆ," ಎಂದುಬಿಟ್ಟಿತು ನನ್ನ ಹಾಳು ನಾಲಿಗೆ. ದೃಷ್ಟಿಯಾಗದಿರಲೆಂದು ಮಕ್ಕಳ ಸೊಂಟಕ್ಕೆ ತಾಮ್ರದ ಕಾಸು ಕಟ್ಟುವುದು ನಮ್ಮಲ್ಲೆಲ್ಲ ಉಂಟು.

ಮುದುಕನ ಮುಖ ಅರಳಿತು. "ಹಂಗಾದ್ರೆ ಐದು ರೂಪಾಯಿ ಕೊಡಿ, ಸಾಕು."

ನೋಟು ಕೊಟ್ಟು, ಗೆದ್ದೆನೆಂದು ಕೈ ಚಾಚಿದೆ. ಅವನು ಕಾಸನ್ನು ಮರದ ದಿಮ್ಮಿಯ ಮೇಲಿಟ್ಟು ಉಕ್ಕಿನ ಮೊಳೆ, ಸುತ್ತಿಗೆ ಎತ್ತಿಕೊಂಡ.

"ಬೇಡ ಯಜಮಾನ್ರೇ, ತೂತು ಮನೇಲೇ ಮಾಡ್ಕೋತೀನಿ."

"ನಿಮ್ಗಾಯ್ತದಾ? ಮಗೀನ ಕೆಲ್ಸಕ್ಕೆ ನಾ ಕೂಲಿ ಈಸ್ಕಳಲ್ಲ, ಸುಮ್ನಿರಿ."

ಮೊದಲ ಏಟಿಗೆ ಗುಳಿ ಬಿತ್ತು. ನಿಜ ಹೇಳಲು ಆಗಲೂ ಸಮಯವಿತ್ತು. ಸುಳ್ಳ ಎನ್ನಿಸಿಕೊಳ್ಳಲು ನಾಚಿ ಹಲ್ಲು ಕಚ್ಚಿ ನಿಂತೆ. ಮೂರನೇ ಏಟಿಗೆ ಮೊಳೆ ಆನೆಯ ತಲೆಯನ್ನೇ ತೂರಿ ಆಚೆ ಬಂತು.

ಮುದುಕ ಪುಡಿ ಊದಿ, ಕಾಸನ್ನು ನನ್ನ ಅಂಗೈಗೆ ಒತ್ತಿದ. "ನೂರು ವರ್ಸ ಬಾಳ್ಲಿ ನಿಮ್ಮ ಮಗ."

ನನಗಾಗ ಮದುವೆಯೇ ಆಗಿರಲಿಲ್ಲ.