ಎರಡು ಕಾಗದದ ಕುಬಸ

ಶೇವಂತೆವ್ವನನ್ನು ಟೇಲರ್ ಅಂದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. ‘ನಾ ಏನ್ ಅಂಗಡಿ ಇಟ್ಟೇನೇನ್? ಹೊಲಿಯೂದು ನನ್ನ ಖುಷಿ’ ಎಂದು ಗದರಿಸಿಬಿಡುತ್ತಾಳೆ. ಇಂಡಿ ಊರಿನ ಅಡತಿ ಅಂಗಡಿಯೊಂದರಲ್ಲಿ ಹಗಲೆಲ್ಲ ಲಿಂಬೆಹಣ್ಣು ಆರಿಸುವುದು ಅವಳ ಕೆಲಸ. ಸಂಜೆ ಬಂದು ಚಹಾ ಕುಡಿದು ಕಾಲುಮಿಷನ್ನಿನ ಮುಂದೆ ಕುಳಿತರೆ ಅದೇ ಅವಳ ಹಬ್ಬ. ಹೊಲಿಯುವುದು ತನಗೆ ಮತ್ತು ನಮ್ಮಂಥ ಐದಾರು ಗೆಳತಿಯರಿಗೆ ಮಾತ್ರ. ಬೇರೆ ಯಾರೇ ಬಂದು ಗೋಗರೆದರೂ ಮಿಷನ್ ಕೆಟ್ಟಿದೆ ಎನ್ನುತ್ತಾಳೆ. ಹುಟ್ಟಿದ್ದು ಮೋರಟಗಿಯಲ್ಲಿ. ಹನ್ನೆರಡನೆಯ ವಯಸ್ಸಿಗೆ ತನ್ನ ಹೊಸ ಲಂಗವನ್ನೇ ಬಿಚ್ಚಿ ಮತ್ತೆ ಹೊಲಿದು ಈ ವಿದ್ಯೆ ಕಲಿತಳು, ಅದಕ್ಕಾಗಿ ಅವ್ವನ ಕೈಯಲ್ಲಿ ಏಟನ್ನೂ ತಿಂದಳು.

ಉಡಿ ತುಂಬಿದಾಗ ಬಂದ ರವಿಕೆ ಖಣಗಳನ್ನು ನಮ್ಮ ಕಡೆ ಬಹಳ ಜನ ಹೊಲಿಸುವುದೇ ಇಲ್ಲ. ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ದಾಟಿಸುತ್ತಾರೆ. ನಾನು ಕೊಟ್ಟ ಖಣವೊಂದು ಸಿಂದಗಿ, ಮುದ್ದೇಬಿಹಾಳ ಸುತ್ತಿಕೊಂಡು ಎರಡು ವರ್ಷದ ಮೇಲೆ ನನ್ನ ಉಡಿಗೇ ಬಂದಿತ್ತು! ಶೇವಂತೆವ್ವನಿಗೆ ಬೇಕಾದದ್ದು ಅಂಥ ಖಣಗಳೇ. ತೋಳಿಗೆ ಸಾಲದಿದ್ದರೆ ಇನ್ನೊಂದು ಬಣ್ಣದ್ದನ್ನು ಜೋಡಿಸಿ ಕುಬಸ ಹೊಲಿಯುತ್ತಾಳೆ. ಕೇಳಲಿ ಬಿಡಲಿ, ಒಳಗೊಂದು ಕಿಸೆ ಇಟ್ಟೇ ಇಡುತ್ತಾಳೆ. ‘ಗಂಡಸರ ಅಂಗಿಗೆ ಮೂರ್ ಮೂರ್ ಕಿಸೆ. ನಮಗ್ಯಾಕ ಇಲ್ಲ?’ ಎಂಬುದು ಅವಳ ವಾದ. ಅವಳು ಹೊಲಿದ ಕುಬಸಕ್ಕೆ ಮೊದಲ ದಿನ ಲಿಂಬೆಹಣ್ಣಿನ ವಾಸನೆ ಇರುತ್ತದೆ.

ನಮ್ಮ ಹದಿನಾಲ್ಕು ವರ್ಷದ ಗೆಳೆತನದಲ್ಲಿ ಅವಳು ಅಳತೆಗೆ ಟೇಪು ಹಿಡಿದದ್ದನ್ನು ನಾನು ನೋಡಿರಲಿಲ್ಲ. ಮೊದಲ ಸಲ ಒಂದು ಹಳೆಯ ಕುಬಸ ಇಸಿದುಕೊಳ್ಳುತ್ತಾಳೆ. ಅದರ ಅರ್ಧ ಭಾಗದಷ್ಟು ಹಳೆಯ ಪೇಪರು ಕತ್ತರಿಸಿ, ಹೆಸರು ಬರೆದು, ಗಂಟಿನಲ್ಲಿ ಕಟ್ಟಿಡುತ್ತಾಳೆ. ಮುಂದೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಆ ಅರ್ಧ ಕಾಗದ ಇಟ್ಟು ಕತ್ತರಿಸಿದರೆ ಮುಗಿಯಿತು, ಎಡ ಬಲ ಎರಡೂ ಒಂದೇ ಸಲಕ್ಕೆ ತಯಾರು. ನನ್ನ ಕಾಗದದ ಮೇಲೆ ‘ಭುವನೇಶ್ವರಿ ಟೀಚರ್’ ಎಂದು ಬರೆದಿತ್ತು. ನಾನು ದಪ್ಪಗಾದಂತೆಲ್ಲ ಅದರ ಅಂಚಿಗೆ ಒಂದೊಂದು ಪಟ್ಟಿ ಅಂಟಿಸುತ್ತ ಬಂದಿದ್ದಳು, ಕಳ್ಳಿ.

ಹೋದ ದೀಪಾವಳಿ ಮುಗಿದ ಮೇಲೆ ಸೊಲ್ಲಾಪುರದಲ್ಲಿ ನನ್ನ ಬಲಗಡೆಯ ಎದೆ ತೆಗೆದರು. ಕ್ಯಾನ್ಸರ್. ಜೀವ ಉಳಿಯಿತು. ಆದರೆ ಬಲತೋಳು ಬಾತುಕೊಂಡಿತು. ಹಳೆಯ ಕುಬಸ ತೊಟ್ಟರೆ ಕಂಕುಳಲ್ಲಿ ಬಿಗಿದು ಕೈ ಭುಜದ ಮೇಲೆ ಏಳುತ್ತಿರಲಿಲ್ಲ. ಎದೆಯ ಆ ಬದಿ ಖಾಲಿ ಚೀಲದ ಹಾಗೆ ಜೋತು ಬೀಳುತ್ತಿತ್ತು. ಜೂನಿಗೆ ಶಾಲೆ ಶುರುವಾಗುವುದಿತ್ತು. ಮಕ್ಕಳ ಎದುರು ಹೀಗೆ ಹೇಗೆ ನಿಲ್ಲಲಿ? ಬೋರ್ಡಿನ ಮೇಲೆ ಹೇಗೆ ಬರೆಯಲಿ? ನೌಕರಿ ಬಿಡುವ ಅರ್ಜಿ ಬರೆದು ದಿಂಬಿನ ಕೆಳಗೆ ಇಟ್ಟೆ. ಗಂಡನಿಗೂ ಹೇಳದೆ ಶೇವಂತೆವ್ವನಿಗೆ ಮಾತ್ರ ತೋರಿಸಿದೆ.

‘ಎಂಟ್ ದಿನ ಅದು ಅಲ್ಲೇ ಇರ್ಲಿ. ನಾ ಒಂದ್ ಕುಬಸ ಹೊಲಕೊಂಡ್ ಬರ್ತೇನಿ’ ಎಂದು ಹೋದಳು.

ತಂದಳು. ಎಷ್ಟು ಆಸೆಯಿಂದ ತೊಟ್ಟುಕೊಂಡೆ! ಅದೇ ಬಿಗಿತ, ಅದೇ ಖಾಲಿ ಚೀಲ. ಗಂಟು ಬಿಚ್ಚಿ ನನ್ನ ಹಳೆಯ ಕಾಗದ ಇಟ್ಟೇ ಕತ್ತರಿಸಿದ್ದಳು ಪುಣ್ಯಾತ್ಗಿತ್ತಿ. ಮೊದಲೇ ನನ್ನ ಬಾಯಿ ಜೋರು. ಕುಬಸ ತೆಗೆದು ಅವಳ ಮೇಲೆಯೇ ಎಸೆದೆ.

‘ಕಣ್ಣ್ ಕಾಣಸೂದಿಲ್ಲೇನ್ ನಿನಗ? ಯಾರ ಅಳತಿ ಇದು?’

‘ನಿಂದ ಐತಿ’ ಎಂದವಳು ಅಲ್ಲೇ ನಿಂತಳು. ‘ಹಳೀದು. ನಂದ ತಪ್ಪಾತವಾ. ಕೈ ರೂಢಿ ಭಾಳ ಕೆಟ್ಟದ್ದು. ತಾನ ಗಂಟ್ ಬಿಚ್ಚತು, ತಾನ ಮಡಚತು.’

ಅವಳ ಕಣ್ಣಲ್ಲಿ ನೀರು ಬಂತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಹೋಗು ಎಂದೆ, ಹೋದಳು.

ಮರುದಿನ ಸಂಜೆ ಟೇಪು ಹಿಡಿದುಕೊಂಡು ಬಂದು ಬಾಗಿಲು ಹಾಕಿದಳು.

‘ಸೆರಗ ತಗಿ.’

‘ಒಲ್ಲೆ.’

‘ಡಾಕ್ಟರಗ ತೋರಸ್ತಿ, ನನಗ ತೋರಸಾಕ ನಾಚಕಿ ಏನ್? ತಗಿ ಅಂದ್ನಿ.’

ಆ ಗಾಯದ ಗುರುತನ್ನು ನಾನೇ ಸರಿಯಾಗಿ ನೋಡಿಕೊಂಡಿರಲಿಲ್ಲ. ಅವಳು ನೋಡಿದಳು. ಅಯ್ಯೋ ಎನ್ನಲಿಲ್ಲ, ಮುಖ ತಿರುಗಿಸಲೂ ಇಲ್ಲ. ಲಿಂಬೆಯ ಹುಳಿಗೆ ಸಿಪ್ಪೆಯೆದ್ದ ಬೆರಳುಗಳಿಂದ ಬಲಗಡೆ ಬೇರೆ, ಎಡಗಡೆ ಬೇರೆ ಅಳೆದಳು. ನೆಲದ ಮೇಲೆ ಎರಡು ಪೇಪರು ಹಾಸಿ ಎರಡು ಕಾಗದ ಕತ್ತರಿಸಿದಳು. ಒಂದಕ್ಕೆ ‘ಎಡ’ ಎಂದು ಬರೆದಳು, ಇನ್ನೊಂದಕ್ಕೆ ‘ಬಲ’.

‘ನನ್ನ ಹಳೀ ಕಾಗದ?’ ಎಂದು ಕೇಳಿದೆ.

‘ಒಲಿಗೆ ಹಾಕೇನಿ. ಇನ್ನ ಕೈ ತಪ್ಪಬಾರದು.’

ಆಮೇಲೆ ಖಣದ ಮಡಿಕೆ ಬಿಚ್ಚಿ ಹಾಸಿ, ಒಂದೊಂದು ಬದಿಯನ್ನೂ ಬೇರೆಯಾಗಿ ಕತ್ತರಿಸಿದಳು.

ಮೂರನೆಯ ದಿನ ಕುಬಸ ಬಂತು. ಬಲತೋಳು ಸಡಿಲವಾಗಿತ್ತು, ಕಂಕುಳಲ್ಲಿ ಒಂದು ಚೌಕ ತುಂಡು ಜೋಡಿಸಿತ್ತು. ಕಿಸೆ ಮಾತ್ರ ಬಲ ಎದೆಯ ಒಳಗಡೆ ಕೂತಿತ್ತು, ಅದರಲ್ಲೊಂದು ದುಂಡನೆಯ ಹತ್ತಿಯ ಗಾದಿ.

‘ಬರೇ ಹತ್ತಿ ಇಟ್ರ ಹಗುರ ಆಗಿ ಮ್ಯಾಲ ಏರ್ತೈತಿ. ಅದಕ್ಕ ಒಂದ್ ಮುಷ್ಟಿ ಸಾಸಿವಿ ಕೂಡಿಸೇನಿ.’

‘ಒಗ್ಗರಣಿ ಹಾಕೇನಿ ಅನ್ನು ಮತ್ತ!’ ಎಂದೆ.

ಆರು ತಿಂಗಳ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತ ಅವಳನ್ನು ಅಪ್ಪಿಕೊಂಡು ಅತ್ತೂಬಿಟ್ಟೆ. ತಪ್ಪಾಯಿತು ಎಂದೆ. ‘ಸಾಕ್ ಬಿಡು, ಹೊಲಿಗಿ ಬಿಟ್ಟೀತು’ ಎಂದಳು.

ಶಾಲೆಯ ಮೊದಲ ದಿನ ಅದನ್ನೇ ತೊಟ್ಟು ಹೋದೆ. ಮುಂದಿನ ಬೆಂಚಿನ ಪಲ್ಲವಿ ನನ್ನನ್ನೇ ದಿಟ್ಟಿಸುತ್ತಿದ್ದಳು. ನಾನು ಸೆರಗು ಎಳೆದುಕೊಂಡೆ.

‘ಟೀಚರ್, ಕುಬಸ ಭಾಳ ಚಂದ ಐತ್ರಿ. ಎಲ್ಲಿ ಹೊಲಿಸೀರಿ?’

‘ನನ್ನ ಗೆಳತಿ ಹೊಲದಾಳ’ ಎಂದೆ. ಆ ಮಾತು ಹೇಳುವಾಗ ಎಷ್ಟು ಹೆಮ್ಮೆಯಾಯಿತು! ಚಾಕ್‌ಪೀಸ್ ತೆಗೆದುಕೊಂಡು ಕೈ ಎತ್ತಿದೆ. ಭುಜ ದಾಟಿತು, ಕಿವಿ ದಾಟಿತು. ಬೋರ್ಡಿನ ಮೇಲಂಚಿನಲ್ಲಿ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿ, ದಿನಾಂಕ ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಸಂಜೆ ದಿಂಬಿನ ಕೆಳಗಿನ ಆ ಅರ್ಜಿ ತೆಗೆದುಕೊಂಡು ಶೇವಂತೆವ್ವನ ಮನೆಗೆ ಹೋಗಿ ಅವಳ ಕೈಗೆ ಕೊಟ್ಟೆ. ಅವಳು ಓದಲಿಲ್ಲ. ನಡುವೆ ಮಡಚಿ, ಕಣ್ಣಳತೆಯಲ್ಲಿ ನೋಡಿ, ‘ಕಿಸೆ ಅಳತಿ ಕಾಗದಕ್ಕ ಬರೊಬ್ಬರಿ ಆಗ್ತೈತಿ’ ಎಂದು ಕತ್ತರಿ ಹಚ್ಚಿದಳು.